ಮೊಳೆ ಕಾಣದ ಮನೆ

ನಮ್ಮ ಬೀದಿಯ ಫೋಟೋ ಸ್ಟುಡಿಯೋ ಯಜಮಾನರು ತಮ್ಮ ಮನೆಯ ಗೋಡೆಗೆ ಒಂದೇ ಒಂದು ಮೊಳೆಯನ್ನೂ ಹೊಡೆಯುವುದಿಲ್ಲವೆಂದು ಭೀಷ್ಮಪ್ರತಿಜ್ಞೆ ಮಾಡಿದ್ದಾರೆಂದು ಊರೆಲ್ಲ ನಂಬಿತ್ತು.

ಅರವತ್ತು ವರ್ಷದ ಹಿಂದೆ ಅವರ ಅಪ್ಪ ಕಟ್ಟಿಸಿದ ಮನೆ ಅದು. ಚಾವಣಿ ಚಪ್ಪಟೆ, ತೋಟದ ಕಡೆಗೆ ಗೋಡೆಯ ಬದಲು ಉದ್ದಕ್ಕೂ ಗಾಜು. ಮನೆಮಂದಿಯ ಚಿತ್ರಪಟಗಳೆಲ್ಲ ನೆಲದಲ್ಲಿ, ಸೋಫಾದಲ್ಲಿ ಒರಗಿರುತ್ತಿದ್ದವು. ಬಂದವರು ಅಜ್ಜಿಯನ್ನು ಎತ್ತಿಟ್ಟು ಕೂರಬೇಕಿತ್ತು. ಮಧ್ಯಾಹ್ನ ಮರದ ನೆರಳು ಒಳಗೆ ಈಜಿಬಂದರೆ ಪಟದ ಮುಖಗಳು ರೆಪ್ಪೆ ಬಡಿದಂತೆ, ಮನೆಯೇ ಮೆಲ್ಲಗೆ ತೇಲಿದಂತೆ ಅನ್ನಿಸುತ್ತಿತ್ತು.

ಆದರೆ ಅರ್ಧ ಪಾಲು ಅವರ ಅಕ್ಕನದು. ಅಕ್ಕನ ಗಂಡ, ಎಂಬತ್ತೆರಡರ ಹುರುಪಿನ ಭಾವ, ಮನೆ ಕೆಡವಿ ಐದು ಮಹಡಿ ಎಬ್ಬಿಸಲು ತುದಿಗಾಲಲ್ಲಿ ನಿಂತಿದ್ದರು. ನಗರಸಭೆ ಅದನ್ನು ಸಂರಕ್ಷಿತ ಕಟ್ಟಡವೆಂದು ಘೋಷಿಸಿದರೆ ಮಾತ್ರ ಮನೆ ಉಳಿಯುತ್ತಿತ್ತು. ಅದಕ್ಕೆ ಗೋಡೆಗಳು ಕಟ್ಟಿದಾಗ ಇದ್ದಂತೆಯೇ ಇರಬೇಕು.

ನಗರಸಭೆಯ ಸಮಿತಿಯವರು ಬಂದು, ಭಾವನ ಎದುರೇ ಒಂದೊಂದು ಗೋಡೆಯನ್ನೂ ಮಗುವಿನ ಕೆನ್ನೆಯಂತೆ ಸವರಿದರು. ಸಾಸಿವೆಯಷ್ಟು ತೂತೂ ಸಿಗಲಿಲ್ಲ. ಸಮಿತಿಯ ಅಧ್ಯಕ್ಷೆ ಘೋಷಣಾಪತ್ರಕ್ಕೆ ಅಲ್ಲೇ ಸಹಿ ಹಾಕಿದರು. ಭಾವನ ಮುಖ ಹರಳೆಣ್ಣೆ ಕುಡಿದಂತಾಯಿತು.

"ಎಂಥಾ ತಪಸ್ಸು ಸಾರ್ ನಿಮ್ದು!" ಅಧ್ಯಕ್ಷೆಯ ಕಣ್ಣು ತೇವಗೊಂಡಿತ್ತು. "ಅರವತ್ತು ವರ್ಷ ಒಂದು ಮೊಳೆನೂ ಹೊಡೀದೆ ಹೇಗಿದ್ರಿ?"

"ಹೊಡೆಯೋಕೆ ಸುತ್ತಿಗೆ ಬೇಕಲ್ಲಮ್ಮ," ಎಂದರು ಯಜಮಾನರು. "ಈ ಮನೆಗೆ ಬಂದ ವಾರಾನೇ ಭಾವ ತಗೊಂಡ್ಹೋದ್ರು. ಇನ್ನೂ ವಾಪಸ್ ಕೊಟ್ಟಿಲ್ಲ."