ಹದ್ದಿನ ಮೇಲೊಂದು ಮೆಸೇಜು

ಬೆಳಗ್ಗೆ ಎಂಟೂವರೆಗೆ, ನನ್ನ ಕಣ್ಣೆದುರೇ, ಒಂದು ಕೋಳಿಮರಿ ಆಕಾಶಕ್ಕೆ ಹೋಯಿತು.

ನುಚ್ಚು ಹಾಕುತ್ತಿದ್ದೆ. ಮಣ್ಣಿನ ಮೇಲೆ ನೆರಳೊಂದು ಸರಿಯಿತು. ತಾಯಿ ಹೇಂಟೆ ಕಿರುಚಿ ರೆಕ್ಕೆ ಬಿಡಿಸುವಷ್ಟರಲ್ಲಿ ಎಂಟು ಮರಿಗಳಲ್ಲಿ ಏಳು ಉಳಿದಿದ್ದವು. ಎಂಟನೆಯದು ಹದ್ದಿನ ಕಾಲಲ್ಲಿ ಚಿಂವ್‌ಗುಡುತ್ತಾ ಹಿಂದಿನ ಸೈಟಿನ ಸಿಲ್ವರ್ ಓಕ್ ಮರ ಸೇರಿತು.

ಯಲಹಂಕ ಪಕ್ಕದ ಕೋಗಿಲಿನ ನಮ್ಮ ಲೇಔಟ್‌ನಲ್ಲಿ ಹಿತ್ತಿಲಿಗೆ ಅಂತ ನಾಲ್ಕು ಹೆಜ್ಜೆ ಮಣ್ಣು ಉಳಿಸಿಕೊಂಡವಳು ನಾನೊಬ್ಬಳೇ. (ಉಳಿದವರೆಲ್ಲ ಟೈಲ್ಸ್ ಹಾಕಿಸಿದ್ದಾರೆ. ತೊಳೆಯೋಕೆ ಸುಲಭವಂತೆ.) ಪಕ್ಕದ ಮನೆಯ ನಸೀಮಾ ಆಪಾ ಹುಣಸಮಾರನಹಳ್ಳಿಯ ತಂಗಿ ಮನೆಯಿಂದ ಈ ಹೇಂಟೆ, ಮರಿಗಳನ್ನು ತಂದುಕೊಟ್ಟಿದ್ದರು. "ಅಕ್ಕಾ, ಮೇಲೆ ಬಲೆ ಕಟ್ಬಿಡಿ. ಹದ್ದು ಸುಮ್ನೆ ಬಿಡಲ್ಲ," ಅಂತ ಅವತ್ತೇ ಹೇಳಿದ್ದರು.

ನಾನು ಕಟ್ಟಲಿಲ್ಲ. ಯಾಕೆ? ಕೊಬ್ಬು. ಭಾನುವಾರ ಬಂದರೆ ಬೈನಾಕ್ಯುಲರ್ ನೇತುಹಾಕಿಕೊಂಡು ಯಲಹಂಕ ಕೆರೆಗೆ ಹೋಗುವವಳು ನಾನು. ನನಗೆ ಹದ್ದಿನ ಬಗ್ಗೆ ಪಾಠವೇ? ಆ ಹದ್ದಿನ ಜೋಡಿ ಸಂಕ್ರಾಂತಿಯಿಂದ ಅದೇ ಮರಕ್ಕೆ ಒಂದೊಂದೇ ಕಡ್ಡಿ ತಂದು ಗೂಡು ಕಟ್ಟಿದ್ದನ್ನು ದಿನವೂ ನೋಡಿದ್ದೆ. ಯಾರದೋ ಟೆರೇಸಿನಿಂದ ಕದ್ದ ಕಾಲುಚೀಲವನ್ನೂ ಅದರಲ್ಲಿ ಹಾಸಿದ್ದವು. ಗೂಡಿನಂಚಿಗೆ ಎರಡು ಪುಟ್ಟ ತಲೆ ಕಂಡ ದಿನ ಮನೆಯಲ್ಲಿ ಪಾಯಸ ಮಾಡಿದ್ದೆ. ನಗಬೇಡಿ, ನಿಜವಾಗಿಯೂ ಮಾಡಿದ್ದೆ.

ಈಗ ಅದೇ ಬೈನಾಕ್ಯುಲರ್‌ನಲ್ಲಿ ಅದೇ ಪುಟ್ಟ ಬಾಯಿಗಳಿಗೆ ನನ್ನ ಮರಿಯ ತುಣುಕು ಹೋಗುವುದನ್ನು ನೋಡಿದೆ. ಹಕ್ಕಿಪ್ರೇಮ ಅಲ್ಲಿಗೆ ಮುಗಿಯಿತು.

ಎರಡು ದಿನ ಬಿಟ್ಟು ಇನ್ನೊಂದು ಮರಿ ಹೋಯಿತು. ಲೇಔಟ್‌ನ ವಾಟ್ಸಾಪ್ ಗ್ರೂಪಿಗೆ ಟೈಪ್ ಮಾಡಿದೆ: "ಹಿಂದಿನ ಮರದಲ್ಲಿರೋ ಹದ್ದಿನ ಕಾಟ ವಿಪರೀತ ಆಗಿದೆ. ಏನಾದ್ರೂ ಮಾಡಲೇಬೇಕು."

ಕಸದ ಗಾಡಿ ವಾರಗಟ್ಟಲೆ ಬರದಿದ್ದರೂ ಉಸಿರೆತ್ತದ ನಮ್ಮ ಸೆಕ್ರೆಟರಿ ಜಯರಾಮ್ ನಿಮಿಷದೊಳಗೆ ಉತ್ತರಿಸಿದರು: "ನೋಟೆಡ್ ಮೇಡಂ."

ಸಂಜೆ ನಸೀಮಾ ಆಪಾ ಹತ್ತಿರ ಗೋಳಾಡಿದೆ. ಅವರು ಕಡ್ಡಿ ಮುರಿದಂತೆ ಹೇಳಿದರು: "ಅದಕ್ಕೂ ಮಕ್ಳಿದಾವಲ್ಲ ಅಕ್ಕಾ. ಏನ್ ತಿನ್ನಿಸ್ಬೇಕು ಅದು, ಬ್ರೆಡ್ಡಾ? ತಪ್ಪು ನಿಮ್ದು. ಬನ್ನಿ, ಹಗ್ಗ ಹಿಡ್ಕೊಳ್ಳಿ."

ಇಬ್ಬರೂ ಸೇರಿ ಬಲೆ ಕಟ್ಟಿದೆವು. ಅರ್ಧ ಗಂಟೆಯ ಕೆಲಸ. ಆಮೇಲೆ ಒಂದು ಮರಿಯೂ ಹೋಗಲಿಲ್ಲ. ಹದ್ದು ಎರಡು ಸಲ ಸುತ್ತು ಹಾಕಿ ನೋಡಿತು, ಬೇರೆ ಕಡೆ ಬೇಟೆಗೆ ಹೋಯಿತು. ವಿಷಯ ಮುಗಿಯಿತು.

ಮುಗಿಯಿತು ಅಂತ ಗ್ರೂಪಿನಲ್ಲಿ ಒಂದು ಸಾಲು ಹಾಕಬೇಕಿತ್ತು. ಹಾಕಲಿಲ್ಲ.

ಕಳೆದ ಮಂಗಳವಾರ ಹತ್ತು ಗಂಟೆಗೆ ಮೆಷಿನ್ ಗರಗಸದ ಸದ್ದು. ಚಪ್ಪಲಿಯೂ ಇಲ್ಲದೆ ಓಡಿದೆ. ಮರದ ತುದಿಗೆ ಹಗ್ಗ ಬಿಗಿದಾಗಿತ್ತು. ಜಯರಾಮ್ ಫೋನಿನಲ್ಲಿ ವಿಡಿಯೋ ಮಾಡುತ್ತಾ ನಿಂತಿದ್ದರು.

"ನಿಲ್ಲಿಸಿ ಜಯರಾಮ್! ಮೇಲೆ ಮರಿಗಳಿದಾವೆ ಕಣ್ರೀ!"

"ನೀವೇ ಅಲ್ವಾ ಮೇಡಂ ಕಂಪ್ಲೇಂಟ್ ಕೊಟ್ಟಿದ್ದು?" ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಸೈಟ್ ಓನರ್ ಮರ ತೆಗೆಸೋಕೆ ಒಂದು ವರ್ಷದಿಂದ ಕೇಳ್ತಾನೇ ಇದ್ರು, ರೀಸನ್ ಸಿಕ್ಕಿರ್ಲಿಲ್ಲ. ನಿಮ್ ಮೆಸೇಜನ್ನೇ ಲೆಟರ್‌ಗೆ ಅಟ್ಯಾಚ್ ಮಾಡಿದ್ವಿ."

"ಪರ್ಮಿಷನ್ ಬಂದಿದೆಯಾ?"

"ಅಪ್ಲಿಕೇಶನ್ ಹಾಕಿದೀವಲ್ಲ. ಬರತ್ತೆ ಬಿಡಿ."

ನನ್ನ ಕೂಗು ಗರಗಸದ ಸದ್ದಿನಲ್ಲಿ ಮರದ ಮೇಲಿದ್ದವನಿಗೆ ಕೇಳಲಿಲ್ಲ. ತುದಿ ವಾಲಿತು. ಗೂಡು ಮೊದಲು ಬಿತ್ತು, ಅದರ ಮೇಲೆ ಕೊಂಬೆ.

ಒಂದು ಮರಿ ಅಲ್ಲೇ ಸತ್ತಿತ್ತು. ಇನ್ನೊಂದು ಬಾಯಿ ತೆರೆದು ನನ್ನನ್ನೇ ನೋಡುತ್ತಿತ್ತು. ಊಟ ಕೊಡುತ್ತೇನೆ ಅಂದುಕೊಂಡಿತೋ ಏನೋ. ನಸೀಮಾ ಆಪಾ ತಮ್ಮ ದುಪಟ್ಟಾದಲ್ಲಿ ಅದನ್ನು ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟರು. ಆಟೋ ಹಿಡಿದು ಗಾಯಗೊಂಡ ಹಕ್ಕಿಗಳಿಗೆ ಚಿಕಿತ್ಸೆ ಕೊಡುವ ಕಡೆಗೆ ಒಯ್ದೆವು. ಅಲ್ಲಿಯ ಡಾಕ್ಟರ್ ರೆಕ್ಕೆ ಬಿಡಿಸಿ ನೋಡಿ, "ಬದುಕತ್ತೆ. ಆದ್ರೆ ಹಾರಲ್ಲ," ಅಂದರು.

ಹಾರದ ಹದ್ದು ಎಂದರೆ ಏನು, ಹೇಳಿ?

ತಂದೆತಾಯಿ ಎರಡು ದಿನ ಮರವಿಲ್ಲದ ಆ ಜಾಗದ ಮೇಲೆ ಸುತ್ತಿದವು. ಆ ಕೀರಲು ಕೂಗು ಅಡುಗೆಮನೆಯ ಕಿಟಕಿ ಮುಚ್ಚಿದರೂ ಕೇಳುತ್ತಿತ್ತು. ಕೆಳಗೆ ನನ್ನ ಆರು ಕೋಳಿಮರಿಗಳು ಕೆದಕಿಕೊಂಡಿದ್ದವು. ಅವು ಆ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಹದ್ದುಗಳು ಬರಲಿಲ್ಲ.

ಗ್ರೂಪಿನಲ್ಲಿ ಉದ್ದಕ್ಕೆ ಬರೆದೆ. ನನ್ನಿಂದ ತಪ್ಪಾಯಿತು, ಕಡಿಯಿರಿ ಅಂತ ನಾನು ಕೇಳಿರಲಿಲ್ಲ, ಸಿಟ್ಟಿನಲ್ಲಿ ಬರೆದದ್ದು ಅಂತೆಲ್ಲ. ಸಂಜೆ ಸೈಟಿನ ಮಾಲೀಕರಿಂದ ಒಂದೇ ಒಂದು ಉತ್ತರ ಬಂತು: "ನಿಮ್ಮ ಸಹಕಾರಕ್ಕೆ ಥ್ಯಾಂಕ್ಸ್ ಮೇಡಂ." ಜೊತೆಗೆ ಮುಗಿದ ಕೈಗಳ ಚಿತ್ರ.

ಕೆರೆಗೆ ಜೊತೆಯಲ್ಲಿ ಬರುವ ಗೆಳತಿಯರು ಕೆಂಡವಾಗಿದ್ದಾರೆ. ಪರ್ಮಿಷನ್ ಇಲ್ಲದೆ ಮರ ಕಡಿದವರ ಮೇಲೆ ಅರಣ್ಯ ಇಲಾಖೆಗೆ ದೂರು ಕೊಡು ಅನ್ನುತ್ತಿದ್ದಾರೆ. ಕೊಡುತ್ತೇನೆ, ಅರ್ಜಿಯೂ ರೆಡಿ ಇದೆ.

ಆರೋಪಿಗಳ ಸಾಲಿನಲ್ಲಿ ಮೊದಲ ಹೆಸರು ಯಾರದ್ದು ಬರೆಯಲಿ?