ಗ್ವಾಲ್ಬೆರ್ತೊನ ಎದೆಯ ಬಿಲ್ಲೆ

ಗ್ವಾಲ್ಬೆರ್ತೊ ನಮ್ಮ ಸೇತುವೆಗೆ ಬಂದದ್ದು ಅಕ್ಕಸಾಲಿಗನಾಗಿ ಅಲ್ಲ, ಅಳಿಯನಾಗಿ. ಫ್ಲಾರೆನ್ಸಿನ ಹಳೇ ಸೇತುವೆಯ ಮೇಲೆ ನನ್ನ ಕೆತ್ತನೆಯ ಗೂಡಿಗೆ ಅಂಟಿಕೊಂಡೇ ಇದ್ದ ಮುದುಕ ಅಕ್ಕಸಾಲಿಗ ಬಾಲ್ದೊನ ಅಂಗಡಿ, ಅವನ ಮಗಳು ಆರ್ಜಿಯಾಳ ಜೊತೆಗೇ ಇವನ ಪಾಲಾಯಿತು. ಇಪ್ಪತ್ತು ವರ್ಷದಲ್ಲಿ ಒಂದು ಓಲೆಯ ಕೊಂಡಿಯನ್ನೂ ನೆಟ್ಟಗೆ ಬೆಸೆಯಲಿಲ್ಲ, ಪುಣ್ಯಾತ್ಮ. ಕಪ್ಪಂಗಿ ತೊಟ್ಟ ಫ್ಯಾಸಿಸ್ಟರ ಆಳ್ವಿಕೆ ಬಂದಮೇಲಂತೂ ಬಾಗಿಲಲ್ಲಿ ನಿಂತು ದೇಶಭಕ್ತಿಯ ಭಾಷಣ ಕೊರೆಯುವುದೇ ಕಸುಬು. ಪಕ್ಷದ ಬಿಲ್ಲೆ ಎಲ್ಲರಿಗೂ ತಗಡಿನದು. ಇವನ ಎದೆಯ ಮೇಲೆ ಮಾತ್ರ ಚಿನ್ನದ್ದು.

ಸಾವಿರದೊಂಬೈನೂರ ಮೂವತ್ತೈದರ ಡಿಸೆಂಬರಿನಲ್ಲಿ, ಹೆಂಗಸರೆಲ್ಲ ಯುದ್ಧದ ಖರ್ಚಿಗೆಂದು ಚಿನ್ನದ ಮದುವೆಯುಂಗುರ ಕೊಟ್ಟು ಬದಲಿಗೆ ಕಬ್ಬಿಣದ್ದು ತೊಡಬೇಕೆಂದು ಅಪ್ಪಣೆಯಾಯಿತು. ನಮ್ಮ ಕಡೆಯ ಉಂಗುರಗಳನ್ನು ಒರೆಗಲ್ಲಿಗೆ ಹಚ್ಚಿ ನೋಡುವ ಗೌರವ ಯಾರಿಗೆ ಸಿಕ್ಕಿತೆನ್ನುತ್ತೀರಿ? ಇದೇ ಮಹಾಶಯನಿಗೆ.

ಉಂಗುರ ಕೊಡುವ ಹಿಂದಿನ ದಿನ ಆರ್ಜಿಯಾ ನನ್ನ ಗೂಡಿಗೆ ಬಂದಳು.

"ನೆಲ್ಲೊ, ಹೋದ ವರ್ಷ ಇವ್ರು ಉಂಗುರ ಸಡಿಲ ಮಾಡ್ಕೊಟ್ಟಾಗ ಒಳಗಿನ ಹೆಸರು ಅಳಿಸಿಹೋಯ್ತು. ಅಪ್ಪ ಕೆತ್ತಿದ್ದು. ಹೋಗೋದು ಹೇಗೂ ಹೋಗತ್ತೆ, ಹೆಸರು ಇಟ್ಕೊಂಡೇ ಹೋಗ್ಲಿ."

ಉಳಿ ಇಟ್ಟೆ. ಒಂದೇ ಗೀರಿಗೆ ಚಿನ್ನದ ಲೇಪದ ಒಳಗಿನ ಹಿತ್ತಾಳೆ ಇಣುಕಿತು. ಮುಚ್ಚಿಡಲಿಲ್ಲ, ತೋರಿಸಿದೆ. ಅವಳು ಉಂಗುರವನ್ನು ಬೆಳಕಿಗೆ ಹಿಡಿದು ನೋಡಿದಳು.

"ಆ ಬಿಲ್ಲೆ," ಎಂದಳು. "ಚಿನ್ನ ಕೆಂಪಗೆ ಬರ್ಲಿ ಅಂತ ಅಪ್ಪ ತಾಮ್ರ ಜಾಸ್ತಿ ಹಾಕ್ತಿದ್ರು. ಅದೇ ಬಣ್ಣ. ದಿನಾ ನಾನೇ ಒರೆಸಿ ಸಿಕ್ಕಿಸ್ತಿದ್ದೆ ನೋಡಿ."

ಮರುದಿನ ಸೇತುವೆಯ ತುದಿಯಲ್ಲಿ ಮೇಜು ಹಾಕಿದರು. ಸಾಲಿನಲ್ಲಿ ಅರ್ಧಕ್ಕರ್ಧ ಅಕ್ಕಸಾಲಿಗರ ಮನೆಯವರೇ. ಆರ್ಜಿಯಾಳ ಸರದಿ ಬಂತು.

"ರೀ, ಒರೆಗೆ ಹಚ್ಚಿ."

"ನಿಂದಕ್ಯಾಕೆ ಒರೆ? ನಿಮ್ಮಪ್ಪ ಮಾಡಿದ್ದು."

"ಎಲ್ಲರದೂ ಹಚ್ಚಿದ್ರಲ್ಲ."

ಹಚ್ಚಿದ. ಕಲ್ಲನ್ನು ನೋಡದೆಯೇ "ಹದಿನೆಂಟು ಕ್ಯಾರೆಟ್" ಎಂದು ಕೂಗಿದ, ನಾಚಿಕೆಗೆಟ್ಟವನು. ಆರ್ಜಿಯಾ ಬಗ್ಗಿ, ಅವನ ಎದೆಯ ಬಿಲ್ಲೆ ಕಳಚಿ, ಅದೇ ಕಲ್ಲಿನ ಮೇಲೆ ಪಕ್ಕದಲ್ಲೇ ಉಜ್ಜಿದಳು. ಎರಡೂ ಗೀರಿನ ಮೇಲೆ ಆಸಿಡ್ಡಿನ ಹನಿ ಬಿಟ್ಟಳು. ಉಂಗುರದ ಗೀರು ಕರಗಿಹೋಯಿತು. ಬಿಲ್ಲೆಯದು ಕೆಂಪಗೆ ಉಳಿಯಿತು. ಕರಗಿದರೆ ಹಿತ್ತಾಳೆ, ಉಳಿದರೆ ಚಿನ್ನ; ಅಕ್ಷರ ಬಾರದವರೂ ನಮ್ಮಲ್ಲಿ ಅದನ್ನು ಓದಬಲ್ಲರು.

"ನಮ್ಮಪ್ಪಂದು ಇದು," ಎಂದು ಬಿಲ್ಲೆಯನ್ನು ಉಂಗುರಗಳ ಪಾತ್ರೆಗೆ ಹಾಕಿ, ಕಬ್ಬಿಣದುಂಗುರ ತೊಟ್ಟಳು. ದೇಶಭಕ್ತ ಮಾರನೆಯ ದಿನ ತಗಡಿನ ಬಿಲ್ಲೆ ಸಿಕ್ಕಿಸಿಕೊಂಡು ಮತ್ತೆ ಬಾಗಿಲಲ್ಲಿ ನಿಂತಿದ್ದ. ಥೂ!

ಯುದ್ಧಗಳೆಲ್ಲ ಮುಗಿದಮೇಲೆ ಎಷ್ಟೋ ಹೆಂಗಸರು ಕಬ್ಬಿಣದ ಉಂಗುರವನ್ನು ನದಿಗೆಸೆದರು. ಆರ್ಜಿಯಾ ತೆಗೆಯಲಿಲ್ಲ. ಇನ್ನೂ ಯಾಕಮ್ಮ ಅದು, ಎಂದು ಒಮ್ಮೆ ಕೇಳಿದೆ.

"ಇದನ್ನಾದ್ರೂ ಕಬ್ಬಿಣ ಅಂತ ಹೇಳೇ ಕೊಟ್ರಲ್ಲ, ನೆಲ್ಲೊ," ಎಂದಳು.