ಎಡಬಾಗಿಲಿನ ಗೀರು

"ನಿನ್ನ ಕೈಲೆ ಆಗೂದಿಲ್ಲ ಬಿಡವಾ" ಎಂದವರು ನನ್ನ ಸೋದರಮಾವ. ಈ ಮಾತನ್ನು ಅವರು ನನಗೆ ಮೂರು ಸಲ ಹೇಳಿದ್ದರು. ಪದವಿಗೆ ಸೇರಿದಾಗ ಒಮ್ಮೆ, ಕಾರು ಕಲಿಯಲು ಕೂತಾಗ ಒಮ್ಮೆ, ಹನ್ನೊಂದು ವರ್ಷದ ನಂತರ ಅದೇ ಕಾರನ್ನು ಮಾರಲು ಹೊರಟಾಗ ಇನ್ನೊಮ್ಮೆ.

ಅಪ್ಪ ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಜವಾನರಾಗಿದ್ದರು. ಜೀವಮಾನವೆಲ್ಲ ಕಡತ ಹೊತ್ತರು. ಅದರೊಳಗೆ ಏನು ಬರೆದಿದೆ ಎಂದು ಓದಲು ಬರುತ್ತಿರಲಿಲ್ಲ. ನಾನು ಹಗಲು ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿಗೆ ಓಡಿ, ಅರ್ಥಶಾಸ್ತ್ರದಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದೆ. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಸೇರಿಸಿ ಅದೇ ಮೊದಲ ಪದವಿ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕೇಳುವವರಿಗೆ ಬೇಸರವಾದರೆ ಆಗಲಿ. ಈಗ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತೆ. ಬೇರೆಯವರ ಮಕ್ಕಳಿಗೆ ಪ್ರಮಾಣಪತ್ರ ಕೊಡುವುದು ನನ್ನ ಕೆಲಸ. "ಹೆಸರು ಸರಿಯಾಗಿದೆಯಾ ನೋಡಿಕೊಂಡು ಸಹಿ ಮಾಡಿ" ಎಂದು ನಿದ್ದೆಯಲ್ಲೂ ಹೇಳುತ್ತೇನಂತೆ. ನನ್ನ ಗಂಡನ ದೂರು ಅದು.

ಕಾರು ಮಾರಬೇಕಾಗಿ ಬಂದದ್ದು ಅಮ್ಮನ ಮೊಣಕಾಲಿನಿಂದ. ನಮ್ಮದು ತೀರಾ ತಗ್ಗಿನ ಸಣ್ಣ ಕಾರು. ಕೂರುವಾಗ ಅಮ್ಮ ಬಾವಿಗೆ ಇಳಿಯುವವರ ಹಾಗೆ ದೇವರನ್ನು ನೆನೆಯುತ್ತಿದ್ದರು. ಏಳುವಾಗ ಇಬ್ಬರು ಎಳೆಯಬೇಕು. ಎರಡು ವಾರದಿಂದ ಅವರು ಮನೆ ಬಿಟ್ಟು ಹೊರಗೆ ಹೋಗುತ್ತಿದ್ದದ್ದು ಬೀದಿಯ ತುದಿಯಲ್ಲಿರುವ ವ್ಯಾಯಾಮ ಚಿಕಿತ್ಸೆಯ ಕ್ಲಿನಿಕ್ಕಿಗೆ ಮಾತ್ರ. ನಮ್ಮ ಕಾಲೇಜಿನ ಉಪನ್ಯಾಸಕಿಯೊಬ್ಬರು ತಮ್ಮ ಎತ್ತರದ ಕಾರನ್ನು ಕೊಡಲು ಒಪ್ಪಿದ್ದರು, ಆದರೆ ಭಾನುವಾರದವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದರು. ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಮನೆಗೆ ಒಂದೇ ಕಾರಿನ ಜಾಗ. ಇದು ಹೋದರೆ ತಾನೆ ಅದು ಬರುವುದು?

ಮಾಮ ಕುಷಾಯಿಗೂಡದಿಂದ ಬಂದಿಳಿದರು. ಸರ್ಕಾರಿ ಜೀಪು ನಡೆಸಿ ನಿವೃತ್ತರಾದವರು. ಗಾಡಿಯ ವಿಷಯದಲ್ಲಿ ಅವರ ಮಾತೇ ಕೊನೆ ಎಂದು ಅವರೇ ತೀರ್ಮಾನಿಸಿದ್ದಾರೆ. ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು.

"ಹಾರ್ನ್ ಸ್ಟೀರಿಂಗ್ ಎಡಕ್ಕ ತಿರುಗಿಸಿದಾಗಷ್ಟ ಹೊಡೀತೈತಿ. ಬ್ರೇಕಿನ ದೀಪ ಒಂದು ಹತ್ತೂದಿಲ್ಲ. ಹಿಂದಿನ ಕಿಟಕಿ ಅರ್ಧಕ್ಕ ನಿಂದರ್ತೈತಿ. ಡ್ಯಾಶ್‌ಬೋರ್ಡಿನ ಡಬ್ಬಿ ಮುಚ್ಚಳಕ್ಕ ರಬ್ಬರ್ ಬ್ಯಾಂಡ್ ಹಾಕೀದಿ. ಮ್ಯಾಲೆ ಈ ಬಾಗಿಲಾ! ಹಿಂಗ ಇಟ್ಟು ಮಾರ್ತೀನಂದ್ರ ನಿನ್ನ ಕೈಲೆ ಆಗೂದಿಲ್ಲ ಬಿಡವಾ."

ಹಿಂದಿನ ಎಡಬಾಗಿಲಿನ ಮೇಲೆ ಮೊಳದುದ್ದದ ಗೀರು. ಕಲಿಯುವ ದಿನಗಳಲ್ಲಿ ಇದೇ ಗೇಟಿನ ಕಂಬಕ್ಕೆ ಉಜ್ಜಿದ್ದು. ಆಗ ಪಕ್ಕದಲ್ಲಿ ಕೂತು ಕಲಿಸುತ್ತಿದ್ದವರು ಮಾಮನೇ. ಹನ್ನೊಂದು ವರ್ಷ, ಮದುವೆ ಮುಂಜಿಗಳಲ್ಲೆಲ್ಲ, "ನಮ್ಮ ಹುಡುಗಿಗೆ ಪುಸ್ತಕದಾಗಿಂದು ಗೊತ್ತಾಗ್ತೈತಿ, ಕಂಬ ಕಾಣೂದಿಲ್ಲ" ಎಂದು ಹೇಳಿ ನಗಿಸುತ್ತಿದ್ದರು.

"ಇದ್ದದ್ದನ್ನ ಇದ್ದಂಗ ತೋರಸ್ತೀನಿ ಮಾಮಾ."

"ಹೆಣ್ಣು ತೋರಸೂ ಮುಂದ ನಿನ್ನ ಕನ್ನಡಕ ತಗಸಿದ್ದಿಲ್ಲೇನು? ಹಂಗ ಇದು."

"ತಗಸಿದ್ರಿ. ನಾ ಚಾ ಹುಡುಗಗ ಕೊಡೂದು ಬಿಟ್ಟು ಅವರ ಕಾಕಾಗ ಕೊಟ್ಟೆ."

ಒಳಗಿನಿಂದ ನನ್ನ ಗಂಡ ನಕ್ಕದ್ದು ಕೇಳಿಸಿತು. ಆ ದಿನ ಚಹಾ ಸಿಗದೆ ಕೂತಿದ್ದ ಹುಡುಗ ಅವರೇ.

ಕುಷಾಯಿಗೂಡದಲ್ಲಿ ಮಾಮನ ಮನೆಯ ಹತ್ತಿರವೇ ಇರುವ ಮೆಕ್ಯಾನಿಕ್‌ಗೆ ಕಾರು ತೋರಿಸಿದೆವು. ಗಡ್ಡದ ಹಿರಿಯರು, ಮಾತು ಕಡಿಮೆ. "ಆಪಾ, ಹಾರ್ನ್ ಬನಾ ಲೋ, ಬ್ರೇಕ್ ಲೈಟ್ ಬನಾ ಲೋ. ಪೇಂಟ್‌ಕು ಹಾತ್ ನಕ್ಕೋ ಲಗಾವೋ" ಎಂದರು. ಅವರ ಲೆಕ್ಕದಲ್ಲಿ ಹಾರ್ನು, ದೀಪ ಜೀವದ ಮಾತು, ಅವನ್ನು ಸರಿಮಾಡದೆ ಕೊಡುವುದು ತಪ್ಪು. ಆದರೆ ಬಣ್ಣದ ತಂಟೆಗೆ ಹೋಗಬಾರದು; ಹಳೆ ಕಾರಿಗೆ ಒಂದೇ ಬಾಗಿಲು ಹೊಸದಾಗಿ ಹೊಳೆದರೆ, ನೋಡುವವನು ಅಪಘಾತವಾದ ಗಾಡಿ ಅನ್ನುತ್ತಾನೆ. ನನಗೆ ಸರಿಯೆನಿಸಿತು. ಅಲ್ಲೇ ಕೂತು ಆಫೀಸಿನ ಅಭ್ಯಾಸದಂತೆ ಎರಡು ಕಾಲಮ್ಮು ಹಾಕಿ ಬರೆದೆ: ಸರಿಮಾಡಿಸುವುದು ಎರಡು, ಹೇಳಿ ಕೊಡುವುದು ಮೂರು. ಕಿಟಕಿ, ಡಬ್ಬಿ, ಗೀರು.

ಮರುದಿನ ನನಗೆ ರಜೆಯಿರಲಿಲ್ಲ. "ನಾ ಕೂತು ಮಾಡಿಸ್ಕೊಂಡು ಬರ್ತೀನಿ" ಎಂದು ಮಾಮ ಕೀಲಿಕೈ ಇಸಿದುಕೊಂಡರು. ಅಲ್ಲೇ ನಾನು ತಪ್ಪಿದೆ.

ಶುಕ್ರವಾರ ಸಂಜೆ ಕಾರು ಬಂತು. ಹಾರ್ನು ಹೊಡೆಯಿತು, ದೀಪ ಹತ್ತಿತು. ಎಡಬಾಗಿಲು ಮಾತ್ರ ಬಿಸಿಲಿಗೆ ಹಿಡಿದ ಸ್ಟೀಲ್ ತಟ್ಟೆಯ ಹಾಗೆ ಥಳಥಳ. ಉಳಿದ ಕಾರು ಅದರ ಅಜ್ಜಿಯಂತೆ ಕಂಡಿತು.

"ಹೆಂಗೈತಿ?" ಮಾಮನ ಮುಖ ಅದಕ್ಕಿಂತ ಹೊಳೆಯುತ್ತಿತ್ತು. ಮೆಕ್ಯಾನಿಕ್ ಒಲ್ಲೆ ಎಂದದ್ದಕ್ಕೆ ಬೇರೆ ಕಡೆ ಹೋಗಿ ಬಣ್ಣ ಹೊಡೆಸಿದ್ದರು.

ಶನಿವಾರ ಬೆಳಿಗ್ಗೆ ಇಬ್ಬರು ಬಂದು ನೋಡಿದರು. ಮೊದಲನೆಯವರು ಬಾಗಿಲನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, "ಆಕ್ಸಿಡೆಂಟ್ ಬಂಡಿನಾ ಅಂಡಿ?" ಎಂದರು. ಅಲ್ಲ ಎಂದೆ. ಫೋನ್ ಮಾಡುತ್ತೇನೆ ಎಂದು ಹೋದರು. ಎರಡನೆಯವರು ತಟ್ಟಲೂ ಇಲ್ಲ, ದೂರದಿಂದಲೇ ನಕ್ಕು ತಿರುಗಿದರು. ಮಾಮ ಎರಡು ಸಲವೂ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದರು.

ಅಮ್ಮ ಮಂಚದ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಾ, "ಹೋಗ್ಲಿ ಬಿಡು, ನಾ ಮನ್ಯಾಗ ಇರ್ತೀನಿ, ನನಗೇನು ಹೊರಗ ಕೆಲಸ" ಎಂದರು. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

ಭಾನುವಾರ ಹತ್ತು ಗಂಟೆಗೆ ಒಬ್ಬ ಹುಡುಗಿ ಬಂದಳು. ಕ್ಲಿನಿಕ್ಕಿನಲ್ಲಿ ಅಮ್ಮನ ಕಾಲಿಗೆ ವ್ಯಾಯಾಮ ಮಾಡಿಸುವವಳು, ಬೀದರ್ ಕಡೆಯವಳು. ಹೊಸದಾಗಿ ಕಾರು ಕಲಿತಿದ್ದಳು. ಕಾಲು ಎತ್ತಿ ಇಳಿಸುವ ನಡುವೆ ಅಮ್ಮ ಅವಳಿಗೆ ನಮ್ಮ ಕಾರಿನ ಎಲ್ಲ ದೋಷಗಳನ್ನೂ ಒಂದೂ ಬಿಡದೆ ಒಪ್ಪಿಸಿದ್ದರು. ಅವಳು ನೇರ ಎಡಬಾಗಿಲ ಹತ್ತಿರ ಹೋಗಿ ಬಗ್ಗಿದಳು.

"ಅಕ್ಕಾ, ಗೀರ ಎಲ್ಲೈತ್ರಿ? ಅಮ್ಮಾರು ಇಷ್ಟುದ್ದ ಐತಿ ಅಂದಿದ್ರು. ಆ ಗೀರ ಇದ್ರ ನಾ ಇನ್ನೊಂದು ಹಾಕಿದ್ರೂ ಯಾರಿಗೂ ಗೊತ್ತಾಗಂಗಿಲ್ಲಂತ ಧೈರ್ಯ ಮಾಡಿ ಬಂದೀನಿ." ಆಮೇಲೆ ಅವಳ ನಗು ನಿಂತಿತು. "ಇದು ಮುಚ್ಚೀರಿ ಅಂದ್ರ, ಮತ್ತೇನು ಮುಚ್ಚೀರಿ?"

ನಾನು ನನ್ನ ಎರಡು ಕಾಲಮ್ಮಿನ ಹಾಳೆ ಕೊಟ್ಟೆ. ಓದಿದಳು. ಹಾಳೆಯಲ್ಲಿ ಗೀರು ಇತ್ತು, ಬಾಗಿಲ ಮೇಲೆ ಇರಲಿಲ್ಲ. ಓಡಿಸಿ ನೋಡಲೆಂದು ಕೊಟ್ಟಿದ್ದ ಕೀಲಿಕೈ ತಿರುಗಿ ನನ್ನ ಕೈಗೆ ಬಂತು.

ಆಗ ಮಾಮ ಕೆಮ್ಮಿದರು.

"ತಂಗೀ, ಈಕಿದೇನೂ ತಪ್ಪಿಲ್ಲ. ಈಕಿ ಬ್ಯಾಡಂದ್ಳು, ಮೆಕ್ಯಾನಿಕ್ಕೂ ಬ್ಯಾಡಂದ. ಬಣ್ಣ ಹೊಡಿಸಿದಾವ ನಾನು." ಒಂದು ಕ್ಷಣ ಗೇಟಿನ ಕಂಬವನ್ನೇ ನೋಡಿದರು. "ಆವತ್ತು ಕಂಬದ ಹತ್ರ 'ಈಗ ತಿರುಗಸು' ಅಂದಾವನೂ ನಾನ. ಈಕಿ ಇನ್ನಾ ಮುಂದ ಹೋಗ್ತೀನಿ ಅಂತಿದ್ಳು. ನಾ ಒದರಿದೆ, ಈಕಿ ತಿರುಗಿಸಿದ್ಳು. ಬಂದಾಗೆಲ್ಲಾ ಆ ಗೀರ ನನ್ನ ಮಾರೀನ ನೋಡ್ತಿತ್ತು."

ಅಮ್ಮ ಬಾಲ್ಕನಿಯಿಂದಲೇ ಕೂಗಿದರು, "ಅಣ್ಣಾ, ಹನ್ನೊಂದು ವರ್ಷ ಎಲ್ಲರ ಮುಂದ ನನ್ನ ಮಗಳಿಗೆ ಕಂಬ ಕಾಣೂದಿಲ್ಲ ಅಂದ್ಯಲ್ಲೋ!"

"ನಿನಗ ಮೊಣಕಾಲ ಅಷ್ಟ ಹೋಗ್ಯಾವ, ಕಿವಿ ಭಾಳ ಚಲೋ ಅದಾವ" ಎಂದರು ಮಾಮ.

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೀಲಿಕೈಗೆ ಮತ್ತೆ ಕೈ ಚಾಚಿದಳು. ಮಾಮನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದಳು. ಗೇಟಿನ ಹತ್ತಿರ ಮಾಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದುದನ್ನು ನಾನು ನನ್ನ ಕಣ್ಣಾರೆ ಕಂಡೆ.

ಮಧ್ಯಾಹ್ನದ ಹೊತ್ತಿಗೆ ಕಾಗದಗಳ ಮೇಲೆ ಸಹಿ ಹಾಕಿದೆ. ಕೊನೆಗೆ ಆರ್‌ಸಿ, ಅಂಗೈಯಷ್ಟಗಲದ ನೋಂದಣಿ ಪತ್ರ. ನಮ್ಮ ಮನೆಯಲ್ಲಿ ಅಚ್ಚಿನ ಅಕ್ಷರದಲ್ಲಿ ನನ್ನ ಹೆಸರು ಹೊತ್ತ ಎರಡನೆಯ ಪ್ರಮಾಣಪತ್ರ ಅದು. ಮೊದಲನೆಯದು, ಪದವಿಯದು, ಗೋಡೆಯ ಮೇಲಿದೆ. ಕೊಡುವಾಗ ಬೆರಳು ಸ್ವಲ್ಪ ತಡೆಯಿತು. ಬಾಯಿ ಮಾತ್ರ ಅಭ್ಯಾಸದಂತೆ ಆಡಿತು: "ಹೆಸರು ಸರಿಯಾಗೈತಾ ನೋಡ್ಕೊರಿ."

"ಹೆಸರು ನಿಮ್ದೇ ಐತಲ್ರೀ ಅಕ್ಕಾ" ಎಂದು ನಗುತ್ತಾ ಅವಳು ತೆಗೆದುಕೊಂಡಳು.

ಉಪನ್ಯಾಸಕಿಗೆ ಫೋನ್ ಮಾಡಿ, ಸಂಜೆಯೇ ಬಂದು ಕಾರು ತರುತ್ತೇನೆ ಎಂದೆ. ಒಳಗೆ ಅಮ್ಮ ಯಾವ ಸೀರೆ ಉಡಲಿ ಎಂದು ಆಗಲೇ ಕೇಳುತ್ತಿದ್ದರು. ಖಾಲಿಯಾದ ಜಾಗದಲ್ಲಿ ನಿಂತ ಮಾಮ ಕಂಬದಿಂದ ಗೋಡೆಯವರೆಗೆ ಹೆಜ್ಜೆ ಹಾಕಿ ಅಳೆದರು. ತಲೆ ಅಲ್ಲಾಡಿಸಿದರು.

"ಆ ಗಾಡಿ ಭಾಳ ದೊಡ್ಡದವಾ. ನಿನ್ನ ಕೈಲೆ ಆಗೂದಿಲ್ಲ ಬಿಡು."